ಶಿಬಿರದ ಒಲೆ ಮುಂದೆ ತಯಾರಾಗುವ ಮುಂದಾಳುಗಳು

ಕಾಲೇಜು ಹುಡುಗರು ಗುದ್ದಲಿ ಹಿಡಿದು ಹಳ್ಳಿಗೆ ಹೋದರಂತೆ, ಬೀದಿ ಗುಡಿಸಿದರಂತೆ, ಫೋಟೋ ಹೊಡೆಸಿಕೊಂಡು ವಾಪಸ್ ಬಂದರಂತೆ. ಸಂಜೆ ಬಸ್ಸಿನಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಪೂರ್ತಿ ಸುಳ್ಳು ಅನ್ನೋ ಹಾಗೂ ಇಲ್ಲ. ಆದರೆ ಅಷ್ಟೇ ಅಲ್ಲ ಸ್ವಾಮಿ. ಎನ್ನೆಸ್ಸೆಸ್ ಅಂದರೆ ಪೊರಕೆ, ಬ್ಯಾನರು, ಬಿಳಿ ಟೋಪಿ ಅಂತ ನಗೋರು ಆ ಏಳು ದಿನ ಒಳಗೆ ಏನು ನಡೆಯುತ್ತೆ ಅನ್ನೋದನ್ನು ಒಮ್ಮೆ ಹೋಗಿ ನೋಡಬೇಕು.

ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ದೊಡ್ಡ ಅರ್ಥಶಾಸ್ತ್ರಜ್ಞ, ಲೋಕಸಭೆಗೆ ಆರಿಸಿ ಹೋಗಿದ್ದು ನಮ್ಮ ಬಳ್ಳಾರಿಯಿಂದ. ಅದಕ್ಕೂ ಹತ್ತು ವರ್ಷ ಮುಂಚೆಯೇ ವಾದ ನಡೆದಿತ್ತು. ವಿದ್ಯಾರ್ಥಿಗಳಿಗೆ ಸೇವೆ ಕಡ್ಡಾಯವಾಗಲಿ ಎಂದಿತು ಸಿ.ಡಿ. ದೇಶಮುಖ್ ಸಮಿತಿ. ಬೇರೆ ದೇಶಗಳ ಪದ್ಧತಿ ನೋಡಿ ಬಂದ ಕೆ.ಜಿ. ಸಯ್ಯಿದೈನ್, ಬೇಡ, ಮನಸ್ಸಿದ್ದವರು ಬರಲಿ ಎಂದರು. ಗೆದ್ದದ್ದು ಎರಡನೇ ಮಾತು. ಮೊದಲ ವರ್ಷ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳು ಸೇರಿದರು. ಇವತ್ತು ಆ ಲೆಕ್ಕ 30 ಲಕ್ಷ ದಾಟಿದೆ.

ನಿಯಮ ಸರಳ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ. ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಒಂದು ಘಟಕದಲ್ಲಿ ನೂರು ಜನರಿದ್ದರೆ ಶಿಬಿರಕ್ಕೆ ಹೋಗೋದು ಐವತ್ತರ ಆಸುಪಾಸು. ಉಳಿಯೋದು ಸರ್ಕಾರಿ ಶಾಲೆಯ ಕೋಣೆ, ಇಲ್ಲಾ ಊರಿನ ಸಮುದಾಯ ಭವನ.

ಅಸಲಿ ಪಾಠ ಶುರುವಾಗೋದು ಒಲೆ ಮುಂದೆ. ದಿನಕ್ಕೊಂದು ತಂಡಕ್ಕೆ ಅಡುಗೆ, ಇನ್ನೊಂದಕ್ಕೆ ನೀರು, ಮತ್ತೊಂದಕ್ಕೆ ಸಂಜೆಯ ವೇದಿಕೆ. ಪ್ರತಿ ತಂಡಕ್ಕೂ ಒಬ್ಬ ನಾಯಕ ಅಥವಾ ನಾಯಕಿ. ಐವತ್ತು ಜನಕ್ಕೆ ಒಂದು ಹೊತ್ತಿಗೆ ಅಕ್ಕಿ ಎಷ್ಟು ಬೇಕು? ನಿಮ್ಮನ್ನು ಕೇಳಿದರೆ ಗಲ್ಲಾ ಬಿಟ್ಟು ಏಳದೆ ಹೇಳುತ್ತೀರಿ, ಆರೇಳು ಕೆಜಿ ಅಂತ. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದ ಹುಡುಗನಿಗೆ ಅದು ಗೊತ್ತಿರೋಲ್ಲ. ಮೊದಲ ದಿನ ಅನ್ನ ಸಾಲದೆ ಹಿಂದಿನ ಸಾಲಿನವರು ಬರೀ ಸಾರು ಕುಡಿದು ಏಳುತ್ತಾರೆ. ಎರಡನೇ ದಿನ ಹೆಚ್ಚಾಗಿ ಮಿಕ್ಕು ಚೆಲ್ಲುತ್ತಾರೆ. ಮೂರನೇ ದಿನದ ನಾಯಕಿ ಊಟಕ್ಕೆ ಮುಂಚೆ ತಲೆ ಎಣಿಸಿ, ರಾತ್ರಿ ಊಟಕ್ಕೆ ಯಾರು ಇರೋಲ್ಲ ಅಂತಲೂ ಕೇಳಿಕೊಂಡು ಒಲೆ ಹಚ್ಚುತ್ತಾಳೆ. ತನ್ನದೇ ಸ್ನೇಹಿತೆ ಪಾತ್ರೆ ತೊಳೆಯೋ ಸರದಿ ಬಂದಾಗ ತಲೆನೋವು ಅಂತ ಮಲಗಿದರೆ ಎಬ್ಬಿಸಬೇಕಾದವಳೂ ಅವಳೇ. ಎಬ್ಬಿಸಿದರೆ ಸ್ನೇಹ ಹೋಗುತ್ತೆ, ಬಿಟ್ಟರೆ ತಂಡದಲ್ಲಿ ಮಾನ ಹೋಗುತ್ತೆ. ಯಾವ ಪುಸ್ತಕದಲ್ಲಿದೆ ಇದಕ್ಕೆ ಉತ್ತರ?

ಊರೊಳಗಿನ ಕೆಲಸ ಇನ್ನೂ ಬಿಗಿ. ಚರಂಡಿ ತೋಡೋದು ಅಂತ ಇಟ್ಟುಕೊಳ್ಳಿ. ಊರ ಹಿರಿಯರು ಬಂದು, "ನಮ್ಮ ಬೀದಿಯಿಂದ ಶುರು ಮಾಡ್ರಪ್ಪಾ" ಅಂತಾರೆ. ಚರಂಡಿ ಕೆಲಸ ಗೊತ್ತಿದ್ದವರಿಗೆ ಗೊತ್ತು, ನೀರು ಹೋಗಿ ಬೀಳೋ ಕೆಳಗಿನ ತುದಿಯಿಂದ ತೋಡಿಕೊಂಡು ಬರಬೇಕು. ಇಲ್ಲದಿದ್ದರೆ ಮೇಲಿನವರ ಕೊಳೆ ಕೆಳಗಿನವರ ಬಾಗಿಲಲ್ಲಿ ನಿಲ್ಲುತ್ತೆ. ಕೆಳಗಿನ ತುದಿಯಲ್ಲಿರೋದು ಯಾರ ಕೇರಿ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದ ಹುಡುಗ ಹಿರಿಯರ ಮುಂದೆ ನಿಂತು, ಗೌರವ ಬಿಡದೆ, "ಇಲ್ಲ ಯಜಮಾನ್ರೇ, ಕೆಳಗಿನಿಂದಲೇ ಶುರು ಮಾಡ್ತೀವಿ, ನಿಮ್ಮ ಬೀದಿಗೂ ಬರ್ತೀವಿ" ಅನ್ನಬೇಕು. ಅಂದ ಮೇಲೆ ಏಳು ದಿನದೊಳಗೆ ಬಂದೂ ತೋರಿಸಬೇಕು. ಎಷ್ಟೋ ಹುಡುಗರು ಜೀವನದಲ್ಲಿ ಮೊದಲ ಸಲ ಇನ್ನೊಂದು ಕೇರಿಯ ಮನೆಯಲ್ಲಿ ನೀರು ಕೇಳಿ ಕುಡಿಯೋದೂ ಆಗಲೇ.

ಕೆಲಸ ಮಾಡಿದ ಮಾತ್ರಕ್ಕೆ ಬುದ್ಧಿ ಬರೋಲ್ಲ ಅನ್ನೋದೂ ನಿಜ. ಹಾಗಿದ್ದರೆ ದಿನಾ ಗುದ್ದಲಿ ಹಿಡಿಯೋರೆಲ್ಲ ಮಂತ್ರಿಗಳಾಗಬೇಕಿತ್ತು! ಅಮೆರಿಕದ ಡೇವಿಡ್ ಕೋಲ್ಬ್ 1984ರಲ್ಲಿ ಅನುಭವದ ಕಲಿಕೆ ಬಗ್ಗೆ ಪುಸ್ತಕ ಬರೆದು ಹೇಳಿದ್ದೂ ಇದನ್ನೇ. ಮಾಡು, ಮಾಡಿದ್ದನ್ನು ಹಿಂತಿರುಗಿ ನೋಡು, ಯಾಕೆ ಹಾಗಾಯಿತು ಅಂತ ತಿಳಿ, ನಾಳೆ ಬೇರೆ ರೀತಿ ಮಾಡಿ ನೋಡು. ಶಿಬಿರದಲ್ಲಿ ಇದಕ್ಕಿರೋದು ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆಯ ಸಭೆ. ಜಮಖಾನದ ಮೇಲೆ ಸುತ್ತ ಕೂತು, ಇವತ್ತು ಅನ್ನ ಯಾಕೆ ಸೀದಿತು, ಗುದ್ದಲಿ ಯಾಕೆ ಕಡಿಮೆ ಬಿತ್ತು ಅಂತ ಮುಖಕ್ಕೆ ಮುಖ ಕೊಟ್ಟು ಮಾತಾಡೋದು. ಅದನ್ನು ಬಿಟ್ಟರೆ ಉಳಿಯೋದು ಬರೀ ಮೈಕೈ ನೋವು.

ಇದೆಲ್ಲ ಈಗ ಯಾಕೆ ಬಂತು ಅಂತೀರಾ? ನಮ್ಮ ರಾಜ್ಯದ ಕಾಲೇಜುಗಳಲ್ಲಿ ಗಲಾಟೆಯ ನೆಪದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ಎಂಬತ್ತರ ದಶಕದ ಕೊನೆಗೆ ನಿಂತುಹೋದವು. ಮತ ಕೇಳೋದು, ಸೋಲೋದು, ಸೋತ ಮೇಲೂ ಗೆದ್ದವನ ಜೊತೆ ಕೆಲಸ ಮಾಡೋದು, ಇವನ್ನೆಲ್ಲ ಕಲಿಯೋ ಜಾಗ ಮುಚ್ಚಿತು. ಉಳಿದ ಕೆಲವೇ ಜಾಗಗಳಲ್ಲಿ ಈ ಶಿಬಿರವೂ ಒಂದು. ಅದನ್ನೂ ಕೆಲವು ಕಡೆ ಕೆಡಿಸಿ ಕೂತಿದ್ದಾರೆ. ಅಡುಗೆ ಗುತ್ತಿಗೆಗೆ ಭಟ್ಟರು, ಗುಂಡಿ ತೋಡೋದಕ್ಕೆ ಜೆಸಿಬಿ, ಲೆಕ್ಕ ಬರೆಯೋಕೆ ಮೇಷ್ಟ್ರು. ಉದ್ಘಾಟನೆಗೆ ಒಂದು ದಿನ, ಸಮಾರೋಪಕ್ಕೆ ಒಂದು ದಿನ, ನಡುವೆ ಗಣ್ಯರ ಭಾಷಣ ದಿನಕ್ಕೆರಡು. ಹುಡುಗರು ಕುರ್ಚಿ ಜೋಡಿಸಿ, ಹಾರ ಹಿಡಿದು, ಚಪ್ಪಾಳೆ ತಟ್ಟಿ, ಸರ್ಟಿಫಿಕೇಟು ತಗೊಂಡು ಬಸ್ಸು ಹತ್ತುತ್ತಾರೆ. ನಾಯಕತ್ವದ ಬಗ್ಗೆ ಉಪನ್ಯಾಸ ಕೇಳಿದ್ದೇ ಲಾಭ.

ಮೇಷ್ಟ್ರನ್ನು ಬೈದೂ ಪ್ರಯೋಜನವಿಲ್ಲ. ಹುಡುಗರ ಕೈಗೆ ದುಡ್ಡು ಕೊಟ್ಟು ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೆ ಆಡಿಟ್‌ಗೆ ಉತ್ತರ ಹೇಳೋರು ಅವರೇ. ಹೆಣ್ಣುಮಕ್ಕಳ ತಂದೆತಾಯಿ ರಾತ್ರಿ ಹತ್ತಕ್ಕೆ ಫೋನು ಮಾಡೋದೂ ಅವರಿಗೇ. ಆದರೂ ಚೀಲ ಹಿಡಿದು ಅಂಗಡಿಗೆ ಹೋಗೋದನ್ನಾದರೂ ಹುಡುಗರಿಗೆ ಬಿಡಬಹುದಲ್ಲ? ದರ ಕೇಳಲಿ, ಚೌಕಾಸಿ ಮಾಡಲಿ, ಬೇಳೆಯಲ್ಲಿ ಕಲ್ಲಿದ್ದರೆ ವಾಪಸ್ ತರಲಿ, ರಸೀದಿ ಅಂಟಿಸಿ ರಾತ್ರಿ ಸಭೆಯಲ್ಲಿ ಎಲ್ಲರ ಮುಂದೆ ಲೆಕ್ಕ ಓದಲಿ.

ಅಂಗಡಿಯವರೇ, ಈ ಸಲ ಶಿಬಿರದ ಸಾಮಾನು ಚೀಟಿ ನಿಮ್ಮ ಗಲ್ಲಾಕ್ಕೆ ಬಂದರೆ, ತಂದವರು ಮೇಷ್ಟ್ರೋ ಹುಡುಗರೋ ಸ್ವಲ್ಪ ನೋಡಿ. ಹುಡುಗರೇ ಆದರೆ ಅಕ್ಕಿ ಎಷ್ಟು ಬೇಕು ಅಂತ ನೀವಾಗಿ ಹೇಳಿಬಿಡಬೇಡಿ.