ಒಗ್ಗರಣೆ ಡಬ್ಬಿಯ ವೈದ್ಯ

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮನೆಗಳಿಗೆ ವೈದ್ಯರು ಇಬ್ಬರು. ಒಬ್ಬರು ಆಸ್ಪತ್ರೆಯಲ್ಲಿ ಕೂತಿರುತ್ತಾರೆ, ಇನ್ನೊಬ್ಬರು ಒಗ್ಗರಣೆ ಡಬ್ಬಿಯಲ್ಲಿ. ತಲೆ ಸಿಡಿದರೆ ಶುಂಠಿ ತೇಯ್ದು ಹಣೆಗೆ ಪಟ್ಟು. ಹಲ್ಲು ನೋವಿಗೆ ಲವಂಗ. ಎಳೆಗೂಸು ರಾತ್ರಿಯೆಲ್ಲಾ ಅತ್ತರೆ ಜಾಯಿಕಾಯಿ, ಮಾತು ತಡವಾದರೆ ಬಜೆ, ಅಜ್ಜನಿಗೆ ಮರೆವು ಬಂದರೆ ಅರಿಶಿನದ ಹಾಲು. ಸ್ವಲ್ಪ ಗಮನಿಸಿ ನೋಡಿ, ಇವೆಲ್ಲಾ ನರಗಳಿಗೋ ಮಿದುಳಿಗೋ ಸಂಬಂಧಪಟ್ಟ ತೊಂದರೆಗಳೇ.

ಡಬ್ಬಿಯ ವೈದ್ಯನನ್ನು ಪೂರ್ತಿ ನಂಬುವವರೂ ಇದ್ದಾರೆ, ಪೂರ್ತಿ ನಗುವವರೂ ಇದ್ದಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಎರಡೂ ಕಡೆಯವರ ಜೊತೆ ಜಗಳವಾಡುವುದು ನನಗೆ ಅಭ್ಯಾಸ. ಲವಂಗವನ್ನೇ ತೆಗೆದುಕೊಳ್ಳಿ. ಅದರ ಎಣ್ಣೆಯಲ್ಲಿರುವ ಯುಜಿನಾಲ್ ಎಂಬ ಪದಾರ್ಥ ನೋವಿನ ನರವನ್ನು ಮರಗಟ್ಟಿಸುತ್ತದೆ. ದಂತವೈದ್ಯರು ತಾತ್ಕಾಲಿಕವಾಗಿ ಹಲ್ಲು ತುಂಬುವಾಗ ಸತುವಿನ ಆಕ್ಸೈಡ್ ಜೊತೆ ಇದನ್ನೇ ಕಲಸುತ್ತಾರೆ. ಹಲ್ಲು ತುಂಬಿಸಿಕೊಂಡವರ ಬಾಯಲ್ಲಿ ಲವಂಗದ ವಾಸನೆ ಬರುವುದು ಅದಕ್ಕೇ.

ಮೊದಲು ನನ್ನ ಕಾಲಿನ ಕಥೆ ಹೇಳುತ್ತೇನೆ. ನನಗೆ ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷವಾಯಿತು. ಹೋದ ವರ್ಷದಿಂದ ರಾತ್ರಿ ಮಲಗಿದರೆ ಅಂಗಾಲು ಉರಿ, ಕೆಂಡದ ಮೇಲೆ ನಿಂತ ಹಾಗೆ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಾಗಿದ್ದರೆ ಪಾದದ ಸಣ್ಣ ನರಗಳು ಕೆಡುತ್ತವೆ, ಕೆಟ್ಟ ನರ ಬೆಂಕಿ ಇಲ್ಲದಿದ್ದರೂ ಬೆಂಕಿ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. ವೈದ್ಯರು ಮೊದಲು ಸಕ್ಕರೆ ಹತೋಟಿಗೆ ತರಬೇಕೆಂದರು. ಜೊತೆಗೆ ಒಂದು ಮುಲಾಮು ಬರೆದರು. ಕೊಳವೆಯ ಮೇಲೆ ಓದಿದರೆ ‘ಕ್ಯಾಪ್ಸೈಸಿನ್’ ಎಂದಿತ್ತು. ಮೆಣಸಿನಕಾಯಿಯ ಖಾರವೇ ಅದು!

ನನ್ನ ಮೊಮ್ಮಗಳು ಏಳನೇ ಕ್ಲಾಸು. “ತಾತ, ಉರಿಯೋ ಕಾಲಿಗೆ ಖಾರ ಹಚ್ತಾರಾ?” ಎಂದು ಕಣ್ಣರಳಿಸಿದಳು.

ಮಕ್ಕಳೇ, ಇದರ ಹಿಂದೆ ನೊಬೆಲ್ ಪ್ರಶಸ್ತಿಯ ಕಥೆಯೇ ಇದೆ. ಮೆಣಸಿನಕಾಯಿ ಬಿಸಿಯಾಗಿರುವುದಿಲ್ಲ, ಆದರೂ ನಾಲಗೆ ‘ಸುಡ್ತಾ ಇದೆ’ ಎನ್ನುತ್ತದೆ, ಏಕೆ? ಅಮೆರಿಕದ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಯ ತಂಡ 1997ರಲ್ಲಿ ಉತ್ತರ ಹುಡುಕಿತು. ನರದ ತುದಿಯಲ್ಲಿ ಒಂದು ಪುಟ್ಟ ಬಾಗಿಲಿದೆ, ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಗುಲಿದರೆ ಅದು ತೆರೆಯುತ್ತದೆ. ಖಾರ ತಗುಲಿದರೂ ಅದೇ ಬಾಗಿಲು ತೆರೆಯುತ್ತದೆ. ಮಿದುಳಿಗೆ ಎರಡಕ್ಕೂ ಒಂದೇ ತಂತಿ, ಆದ್ದರಿಂದ ಬೆಂಕಿಗೂ ಬಜ್ಜಿ ಮೆಣಸಿನಕಾಯಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅದೇ ಬಾಗಿಲನ್ನು ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ತಟ್ಟುತ್ತಿದ್ದರೆ ನರದ ತುದಿ ದಣಿದು ಸುಮ್ಮನಾಗುತ್ತದೆ. ಮುಲಾಮಿನ ಗುಟ್ಟು ಇಷ್ಟೇ.

ಮೊದಲ ಹತ್ತು ದಿನ ಉರಿ ಹೆಚ್ಚಾಯಿತು, ಕಡಿಮೆಯಾಗಲಿಲ್ಲ. ವೈದ್ಯರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಹಚ್ಚಿದ ಮೇಲೆ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು, ಇಲ್ಲವೇ ಕೈಚೀಲ ತೊಟ್ಟು ಹಚ್ಚಬೇಕು. ಕಣ್ಣು ಮೂಗು ಮುಟ್ಟಬಾರದು, ಬಿಸಿನೀರು ಸ್ನಾನ ಮಾಡಿದ ಕೂಡಲೇ ಹಚ್ಚಬಾರದು, ಒಡಕು ಹುಣ್ಣಿನ ಮೇಲಂತೂ ಕೂಡದು. ಬರೀ ನೀರಿನಲ್ಲಿ ಖಾರ ಹೋಗುವುದಿಲ್ಲ, ಅದು ಕರಗುವುದು ಜಿಡ್ಡಿನಲ್ಲಿ. ಖಾರ ತಿಂದಾಗ ನೀರು ಕುಡಿಯುವುದಕ್ಕಿಂತ ಮೊಸರು ತಿನ್ನುವುದು ಮೇಲು ಅನ್ನುವುದೂ ಇದೇ ಕಾರಣಕ್ಕೆ. ಐದನೇ ವಾರದ ಹೊತ್ತಿಗೆ ನನಗೆ ರಾತ್ರಿ ನಾಲ್ಕೈದು ಗಂಟೆ ಒಂದೇ ಸಮ ನಿದ್ದೆ ಬರತೊಡಗಿತು. ಉರಿ ಪೂರ್ತಿ ಹೋಗಿದೆಯೇ? ಇಲ್ಲ. ಕೆಟ್ಟ ನರ ಇದರಿಂದ ಸರಿಯಾಗುವುದೂ ಇಲ್ಲ, ಅದರ ಗಲಾಟೆ ಮಾತ್ರ ಕಡಿಮೆಯಾಗುತ್ತದೆ.

ಇದನ್ನು ಕೇಳಿ ನಮ್ಮ ಬೀದಿಯವರೊಬ್ಬರು ಖಾರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿಕೊಳ್ಳಲು ಹೊರಟಿದ್ದರು. ಬೇಡವೆಂದು ತಡೆದೆ. ಮುಲಾಮಿನಲ್ಲಿ ಖಾರ ಶೇಕಡ 0.025 ಅಥವಾ 0.075 ಎಂದು ಅಳೆದು ಹಾಕಿರುತ್ತಾರೆ. ಬ್ಯಾಡಗಿಯೋ ಗುಂಟೂರೋ ಎಂಬುದರ ಮೇಲೆ ಮನೆಯ ಪುಡಿಯ ಖಾರ ಎಷ್ಟೋ ಪಟ್ಟು ಬದಲಾಗುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶವೇ ಮಂಕಾಗಿರಬಹುದು, ಬೊಬ್ಬೆ ಎದ್ದರೂ ತಿಳಿಯದೆ ಹುಣ್ಣಾಗಿಬಿಡುತ್ತದೆ.

ಇನ್ನು ಕನಕಪುರದ ನಮ್ಮಕ್ಕನ ವಿಷಯ. ಎಪ್ಪತ್ತೆರಡು ವರ್ಷ, ಗಟ್ಟಿ ಜೀವ. ಚಿಕ್ಕಂದಿನಿಂದ ಮೂರ್ಛೆ ರೋಗ. ಫೆನಿಟಾಯಿನ್ ಎಂಬ ಮಾತ್ರೆಯನ್ನು ಮೂವತ್ತು ವರ್ಷದಿಂದ ಒಂದು ಹೊತ್ತೂ ತಪ್ಪಿಸದೆ ನುಂಗುತ್ತಿದ್ದಾಳೆ, ಮೂರ್ಛೆ ಬಂದು ಎಷ್ಟೋ ವರ್ಷವಾಯಿತು. ಇತ್ತೀಚೆಗೆ ಹೆಸರು ಮರೆಯುತ್ತಿದೆ ಎಂದು ಕೊರಗುತ್ತಿದ್ದಳು. ಯಾರೋ ನೆಂಟರು, “ಅರಿಶಿನದ ಕ್ಯಾಪ್ಸೂಲ್ ತಗೊಳ್ಳವ್ವಾ, ಬುದ್ಧಿ ಚುರುಕಾಗ್ತದೆ, ಬರೀ ಅರಿಶಿನ ತಾನೇ, ಏನೂ ಆಗಕಿಲ್ಲ” ಎಂದು ಒಂದು ಡಬ್ಬಿ ತಂದುಕೊಟ್ಟರು. ಅಕ್ಕ ಅದರ ಜೊತೆಗೆ ದಿನಾ ಬೆಳಿಗ್ಗೆ ಬರಿ ಹೊಟ್ಟೆಗೆ ಕರಿಮೆಣಸಿನ ಕಷಾಯವನ್ನೂ ಶುರುಮಾಡಿದಳು.

ಮೂರನೇ ವಾರಕ್ಕೆ ಅಕ್ಕ ತೂರಾಡತೊಡಗಿದಳು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕು. ಮಾತು ತೊದಲು, ಒಂದು ದೀಪ ಎರಡಾಗಿ ಕಾಣುತ್ತದೆ ಎಂದಳು. ಮನೆಯವರು ವಯಸ್ಸು ಅಂದರು, ಸೊಸೆ ದೃಷ್ಟಿ ತೆಗೆದಳು. ನಾನು ಅಕ್ಕನನ್ನು ಬೆಂಗಳೂರಿನ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದು, “ಅಮ್ಮಾ, ಹೊಸದಾಗಿ ಏನಾದರೂ ತಗೊಳ್ತಿದ್ದೀರಾ? ಕಷಾಯ, ಪುಡಿ, ಲೇಹ್ಯ, ಯಾವುದಾದರೂ ಸರಿ.” ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವಳ ಲೆಕ್ಕದಲ್ಲಿ ಅರಿಶಿನ, ಮೆಣಸು ಔಷಧವೇ ಅಲ್ಲವಲ್ಲ! ನಾನು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ವೈದ್ಯರು ಸಣ್ಣ ಅಕ್ಷರ ಓದಿ, ರಕ್ತದಲ್ಲಿ ಫೆನಿಟಾಯಿನ್ ಎಷ್ಟಿದೆ ಎಂದು ಪರೀಕ್ಷೆಗೆ ಬರೆದರು. ಇರಬೇಕಾದ್ದಕ್ಕಿಂತ ಹೆಚ್ಚಿತ್ತು.

ಅರಿಶಿನದ ಕ್ಯಾಪ್ಸೂಲಿನಲ್ಲಿ ಕರಿಮೆಣಸಿನ ಸಾರ ಏಕಿರುತ್ತದೆ? ಇದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ. ಅರಿಶಿನದ ಹಳದಿ ಪದಾರ್ಥ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಷ್ಟ, ಕರುಳು ಮತ್ತು ಯಕೃತ್ತು ಅದನ್ನು ಬೇಗ ಹೊರಹಾಕುತ್ತವೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು, ರಕ್ತದಲ್ಲಿ ಕಂಡದ್ದು ಅತ್ಯಲ್ಪ. ಅದರ ಜೊತೆ ಕರಿಮೆಣಸಿನ ಖಾರವಾದ ಪೈಪರಿನ್ ಬರೀ 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ಸಿಕ್ಕ ಪ್ರಮಾಣ ಶೇಕಡ 2000ದಷ್ಟು ಏರಿತು. ಲೋಕದ ಅಂಗಡಿಗಳಲ್ಲೆಲ್ಲಾ ಅರಿಶಿನಕ್ಕೆ ಮೆಣಸು ಜೊತೆಯಾಗುವುದಕ್ಕೆ ಈ ಅಧ್ಯಯನವೇ ದೊಡ್ಡ ಕಾರಣ.

ಮೊಮ್ಮಗಳಿಗೆ ಇದನ್ನು ಮೈಸೂರು ಹೆದ್ದಾರಿಯ ಟೋಲ್ ಗೇಟಿನ ಹಾಗೆ ಅಂತ ಹೇಳಿಕೊಟ್ಟೆ. ಪೈಪರಿನ್ ಬಂದರೆ ಗೇಟಿನ ಕಾವಲುಗಾರ ತೂಕಡಿಸುತ್ತಾನೆ, ಅರಿಶಿನದ ಗಾಡಿ ಸಲೀಸಾಗಿ ನುಗ್ಗುತ್ತದೆ. ಆದರೆ ಗೇಟು ಅರಿಶಿನಕ್ಕೆ ಮಾತ್ರ ಮೀಸಲಲ್ಲ. ಹಿಂದೆ ಬರುವ ಮಾತ್ರೆಯ ಗಾಡಿಯೂ ನುಗ್ಗುತ್ತದೆ. ಚಂಡೀಗಢದ ಪಿಜಿಐ ಸಂಸ್ಥೆಯ ವೈದ್ಯರು ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಮೂರ್ಛೆ ರೋಗಿಗಳಿಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿ, ರಕ್ತದಲ್ಲಿ ಮಾತ್ರೆಯ ಮಟ್ಟ ಏರುವುದನ್ನು 2006ರಲ್ಲೇ ವರದಿ ಮಾಡಿದ್ದಾರೆ. ಫೆನಿಟಾಯಿನ್‌ಗೆ ಇನ್ನೊಂದು ಗುಣವಿದೆ. ಒಂದು ಮಿತಿಯವರೆಗೆ ಅದು ಮೆಲ್ಲಗೆ ಏರುತ್ತದೆ, ಮಿತಿ ದಾಟಿದ ಮೇಲೆ ಚೂರು ಹೆಚ್ಚಾದರೂ ಜಿಗಿಯುತ್ತದೆ. ತೂರಾಟ, ತೊದಲು, ಎರಡೆರಡು ಕಾಣುವುದು ಅದರ ಗುರುತುಗಳು.

ವೈದ್ಯರು ಕ್ಯಾಪ್ಸೂಲನ್ನೂ ಕಷಾಯವನ್ನೂ ನಿಲ್ಲಿಸಿದರು. ಮಾತ್ರೆಯನ್ನು ತಮ್ಮ ಕಣ್ಗಾವಲಿನಲ್ಲೇ ಸರಿಮಾಡಿದರು. “ನೀವಾಗಿ ಮಾತ್ರೆ ಮಾತ್ರ ನಿಲ್ಲಿಸಬೇಡಿ” ಎಂದು ಎರಡು ಸಲ ಹೇಳಿದರು, ಏಕೆಂದರೆ ಮೂರ್ಛೆಯ ಮಾತ್ರೆ ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಮೂರ್ಛೆ ಬರಬಹುದು, ಅದು ಪ್ರಾಣಕ್ಕೇ ಅಪಾಯ. ಹತ್ತು ದಿನಕ್ಕೆ ಅಕ್ಕ ಗೋಡೆ ಬಿಟ್ಟು ನಡೆದಳು. ಮೆಣಸೊಂದೇ ಕಾರಣವೇ ಎಂದು ಕೇಳಿದ್ದಕ್ಕೆ ವೈದ್ಯರು, ನಿಮ್ಮಕ್ಕನ ವಯಸ್ಸಿಗೆ ಯಕೃತ್ತೂ ನಿಧಾನ, ಎಲ್ಲಾ ಸೇರಿದೆ ಎಂದರು.

“ಹಾಗಾದ್ರೆ ಮೆಣಸಿನ ಸಾರೂ ಉಣ್ಣಬಾರದೇನೋ ತಮ್ಮಯ್ಯ?” ಎಂದು ಅಕ್ಕನಿಗೆ ಚಿಂತೆ. ಲೆಕ್ಕ ಹಾಕೋಣ. ಕರಿಮೆಣಸಿನಲ್ಲಿ ಪೈಪರಿನ್ ಸುಮಾರು ಶೇಕಡ 5. ಅಂದರೆ 20 ಮಿಲಿಗ್ರಾಂ ಎಂದರೆ ಎಂಟು ಹತ್ತು ಕಾಳು. ಮನೆಮಂದಿಗೆಲ್ಲಾ ಮಾಡಿದ ಸಾರಿನಲ್ಲಿ ಒಬ್ಬರ ತಟ್ಟೆಗೆ ಬೀಳುವುದು ಅದಕ್ಕಿಂತ ಕಡಿಮೆ, ಅದೂ ಅನ್ನ ಮುದ್ದೆಯ ಜೊತೆ. ಜೊತೆಗೆ ಅವಳ ಮಾತ್ರೆಯ ಪ್ರಮಾಣ ಹೊಂದಿಕೊಂಡಿರುವುದೇ ಈ ಊಟದ ಜೊತೆ. ತೊಂದರೆ ಕೊಟ್ಟದ್ದು ದಿನದಿನವೂ ಬರಿ ಹೊಟ್ಟೆಗೆ ಹೊಸದಾಗಿ ಬಿದ್ದ ಸಾರ. ವೈದ್ಯರೂ ಸಾರು ಉಣ್ಣಲು ಒಪ್ಪಿದರು.

ಅರಿಶಿನಕ್ಕೂ ಇದೇ ಲೆಕ್ಕ. ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇಕಡ 3. ಬೆಂಗಳೂರಿನವರು ಕೊಟ್ಟ 2 ಗ್ರಾಂ ಬೇಕಾದರೆ 65 ಗ್ರಾಂ ಅರಿಶಿನ ಮುಕ್ಕಬೇಕು! ಹಾಲಿಗೆ ಹಾಕುವ ಚಿಟಿಕೆ ಎಲ್ಲಿ, ಕ್ಯಾಪ್ಸೂಲ್ ಎಲ್ಲಿ? ಮರೆವಿನ ಕಾಯಿಲೆಗೆ ಅದರಿಂದ ಗುಣವಾಗುತ್ತದೆಯೇ ಎಂದರೆ, ಇಲಿಗಳಲ್ಲಿ ಆಸೆ ಹುಟ್ಟಿಸಿದ್ದು ಮನುಷ್ಯರಲ್ಲಿ ಕಂಡಿಲ್ಲ. ಅಮೆರಿಕದಲ್ಲಿ ಆಲ್ಝೈಮರ್ ಇದ್ದ 36 ಮಂದಿಗೆ 24 ವಾರ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಲಾಭ ಸಿಗಲಿಲ್ಲ. ಇಟಲಿಯಲ್ಲಿ ಇಂಥ ಪೂರಕಗಳನ್ನು ತೆಗೆದುಕೊಂಡ ಕೆಲವರಿಗೆ ಯಕೃತ್ತಿನ ಊತ ಬಂದು 2019ರಲ್ಲಿ ಸರ್ಕಾರವೇ ಎಚ್ಚರಿಸಿತು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಅದು ಅರಿಶಿನದ ಬಣ್ಣವಲ್ಲ, ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದ ಕಲ್ಲಿರುವವರು ಕ್ಯಾಪ್ಸೂಲಿನ ಗೊಡವೆಗೆ ಹೋಗದಿದ್ದರೆ ಒಳ್ಳೆಯದು.

ಮಾಗಡಿಯಲ್ಲಿ ನನ್ನ ತಮ್ಮನ ಮಗಳ ಬಾಣಂತನ ನಡೆದಾಗ ಬೇರೆ ವಾದ. ಅವಳ ಅತ್ತೆ ಬಜೆಯನ್ನು ಸುಟ್ಟು, ತೇಯ್ದು, ಜೇನಿನಲ್ಲಿ ಮಗುವಿನ ನಾಲಗೆಗೆ ಸವರಲು ಬಂದರು. ಹಿಂದಿನವರು ಕಲ್ಲಿನ ಮೇಲೆ ಒಂದೇ ಒಂದು ಸುತ್ತು ತೇಯುತ್ತಿದ್ದರು, ಆ ಲೆಕ್ಕ ತಪ್ಪಿದರೆ ಹೇಗೆ? ಬಜೆಯಲ್ಲಿ ಬೀಟಾ ಆಸರೋನ್ ಎಂಬ ಪದಾರ್ಥವಿದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕೇಡು ಕಂಡು ಅಮೆರಿಕ 1968ರಲ್ಲೇ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿತು. ಜೇನೂ ವರ್ಷ ತುಂಬದ ಮಗುವಿಗೆ ಸಲ್ಲದು. ಜಾಯಿಕಾಯಿಯಂತೂ ದೊಡ್ಡವರೇ ಚಮಚಗಟ್ಟಲೆ ತಿಂದರೆ ಎದೆ ಹೊಡೆದುಕೊಂಡು ಇಲ್ಲದ್ದು ಕಾಣಿಸುತ್ತದೆ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ ಎಂದು ಮಕ್ಕಳ ವೈದ್ಯರು ಹೇಳಿದ್ದನ್ನೇ ನಾನು ಆ ತಾಯಿಗೆ ಹೇಳಿದೆ. ಮುಖ ಊದಿಸಿಕೊಂಡರೂ ಕೇಳಿದರು.

ನೆಗಡಿಯೆಂದು ಮಗುವಿನ ಎದೆಗೆ ಕರ್ಪೂರ ಹಾಕಿದ ಎಣ್ಣೆ ತಿಕ್ಕುವುದು ಮಾತ್ರ ನನಗೆ ನಿಜವಾಗಿ ಭಯ. ಕರ್ಪೂರವೂ ನೀಲಗಿರಿ ಎಣ್ಣೆಯೂ ಮೂರ್ಛೆ ತರಿಸಬಲ್ಲವು. ಬೆಂಗಳೂರಿನ ಸೇಂಟ್ ಜಾನ್ಸ್‌ನ ನರರೋಗ ತಜ್ಞರು ಇಂಥ ಎಣ್ಣೆ, ಮುಲಾಮುಗಳ ನಂತರ ಮೂರ್ಛೆ ಬಂದವರ ಬಗ್ಗೆ ಬೇರೆ ಬೇರೆ ಆಸ್ಪತ್ರೆಗಳಿಂದ ಮಾಹಿತಿ ಕಲೆಹಾಕಿ ಬರೆದಿದ್ದಾರೆ. ದೇವರ ಮುಂದಿನ ಕರ್ಪೂರದ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ರಾಮನಗರದ ನಮ್ಮ ಭಾವನಿಗೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವ್ಯವಹಾರ. ಗೂಡನ್ನು ಅಲುಗಾಡಿಸಿಯೇ ಗುಣ ಹೇಳುವ ಮನುಷ್ಯ. ಅರಿಶಿನವನ್ನೂ ಕೊಂಬಾಗಿ ಕೊಂಡು ಮಿಲ್ಲಿನಲ್ಲಿ ಬೀಸಿಸುತ್ತಾರೆ. ತುಂಬಾ ಹೊಳೆಯುವ ಕೊಂಬನ್ನು ಅವರು ಮುಟ್ಟುವುದಿಲ್ಲ, ಅದು ಸರಿ. ಬಾಂಗ್ಲಾದೇಶದಲ್ಲಿ ಕೊಂಬಿಗೆ ಹೊಳಪು ಕೊಡುವಾಗ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುತ್ತಿದ್ದುದು 2019ರಲ್ಲಿ ಬಯಲಾಯಿತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ. ಮಿದುಳಿಗೆ ಒಳ್ಳೆಯದೆಂದು ಕುಡಿಸುವ ಹಾಲಿನಲ್ಲೇ ವಿಷ! ಅಲ್ಲಿನ ಸರ್ಕಾರ ದಂಡ ಹಾಕಿ, ಜನರಿಗೆ ತಿಳಿಹೇಳಿ ಎರಡೇ ವರ್ಷದಲ್ಲಿ ಮಾರುಕಟ್ಟೆಯಿಂದ ಅದನ್ನು ಓಡಿಸಿತು.

ನಮ್ಮ ಚನ್ನಪಟ್ಟಣದ ಬೊಂಬೆ ಮಾಡುವವರು ಅರಗಿಗೆ ಹಳದಿ ಬಣ್ಣ ಕೊಡಲು ಅರಿಶಿನ ಬಳಸುವುದುಂಟು, ಎಳೆ ಮಗು ಬೊಂಬೆಯನ್ನು ಬಾಯಿಗಿಡುತ್ತದೆ ಎಂಬ ಎಚ್ಚರದಿಂದ. ಅದನ್ನು ನೋಡಿ ಬಂದ ಮೊಮ್ಮಗಳು ಒಂದು ಪ್ರಯೋಗ ಮಾಡಿದಳು, ನೀವೂ ಮಾಡಿ. ಅರಿಶಿನದ ನೀರಿನಲ್ಲಿ ಬಿಳಿ ಕಾಗದ ಅದ್ದಿ ಒಣಗಿಸಿ. ಅದರ ಮೇಲೆ ಸೋಪಿನ ನೀರಿನ ಹನಿ ಬಿಟ್ಟರೆ ಕೆಂಪು, ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಸೇರಿದರೆ ಕೆಂಪು ಓಕುಳಿಯಾಗುವುದೂ ಇದರಿಂದಲೇ. “ಇದರಲ್ಲಿ ಸೀಸ ಇದ್ರೂ ಗೊತ್ತಾಗತ್ತಾ ತಾತ?” ಎಂದು ಕೇಳಿದಳು. ಗೊತ್ತಾಗುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು.