ನವಜಾತ ಶಿಶುವಿನ ಚಳಿಗಾಲದ ಆರೈಕೆ

ನವಜಾತ ಶಿಶುವಿನ ಚಳಿಗಾಲದ ಆರೈಕೆ ಎಂದರೆ ಹುಟ್ಟಿದ ಮೊದಲ 28 ದಿನಗಳ ಅವಧಿಯಲ್ಲಿ ಮಗುವಿನ ದೇಹದ ಉಷ್ಣತೆ ಕುಸಿಯದಂತೆ ಕಾಯ್ದುಕೊಳ್ಳಲು ಅನುಸರಿಸುವ ಕ್ರಮಗಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನವಜಾತ ಶಿಶುವಿನ ಸಹಜ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. ಇದು 36.5ಕ್ಕಿಂತ ಕೆಳಗಿಳಿಯುವ ಸ್ಥಿತಿಯನ್ನು ಹೈಪೋಥರ್ಮಿಯಾ ಎನ್ನುತ್ತಾರೆ. 36ರವರೆಗಿನ ಇಳಿಕೆಯನ್ನು ಶೀತದ ಒತ್ತಡವೆಂದೂ, 32ರಿಂದ 35.9ರವರೆಗಿನದನ್ನು ಮಧ್ಯಮವೆಂದೂ, 32ಕ್ಕಿಂತ ಕಡಿಮೆಯಾದುದನ್ನು ತೀವ್ರವೆಂದೂ ವಿಂಗಡಿಸಲಾಗಿದೆ. ಹೈಪೋಥರ್ಮಿಯಾ ಬೇಸಿಗೆಯಲ್ಲಿಯೂ ಉಂಟಾಗಬಲ್ಲದು. ಚಳಿಗಾಲದಲ್ಲಿ, ಅದರಲ್ಲೂ ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯಬಲ್ಲ ಬೀದರ್, ವಿಜಯಪುರದಂತಹ ಜಿಲ್ಲೆಗಳಲ್ಲಿ, ಅಪಾಯ ಹೆಚ್ಚು.

ಶಿಶುವಿಗೆ ಚಳಿ ಬೇಗ ತಗಲುವ ಕಾರಣ

ದೇಹದ ತೂಕಕ್ಕೆ ಹೋಲಿಸಿದರೆ ಶಿಶುವಿನ ಚರ್ಮದ ವಿಸ್ತಾರ ವಯಸ್ಕರಿಗಿಂತ ಬಹಳ ಹೆಚ್ಚು. ಚರ್ಮದಡಿಯ ಕೊಬ್ಬಿನ ಪದರ ತೆಳುವಾಗಿರುತ್ತದೆ. ತಲೆಯು ದೇಹದ ದೊಡ್ಡ ಭಾಗವಾಗಿರುವುದರಿಂದ ಅಲ್ಲಿಂದಲೇ ಸಾಕಷ್ಟು ಶಾಖ ಹೊರಹೋಗುತ್ತದೆ. ಕುಲಾವಿ ತೊಡಿಸುವ ಹಳೆಯ ರೂಢಿಗೆ ಇದು ಸರಿಯಾದ ಸಮರ್ಥನೆ.

ವಯಸ್ಕರು ಚಳಿಯಾದಾಗ ನಡುಗಿ ಶಾಖ ಉತ್ಪಾದಿಸಿಕೊಳ್ಳುತ್ತಾರೆ. ಈ ಸಾಮರ್ಥ್ಯ ನವಜಾತ ಶಿಶುವಿನಲ್ಲಿ ಅತ್ಯಲ್ಪ. ಅದು ಅವಲಂಬಿಸುವುದು ಕುತ್ತಿಗೆ, ಭುಜದೆಲುಬುಗಳ ನಡುವೆ ಮತ್ತು ಮೂತ್ರಪಿಂಡಗಳ ಸುತ್ತ ಇರುವ ಕಂದು ಕೊಬ್ಬನ್ನು. ಈ ಕೊಬ್ಬನ್ನು ಉರಿಸಲು ಆಮ್ಲಜನಕ ಹೆಚ್ಚು ಬೇಕಾಗುತ್ತದೆ, ರಕ್ತದ ಗ್ಲೂಕೋಸ್ ಕೂಡ ಖರ್ಚಾಗುತ್ತದೆ. ಆದುದರಿಂದ ಚಳಿಗೆ ಸಿಕ್ಕ ಮಗುವಿನಲ್ಲಿ ಸಕ್ಕರೆಯ ಕೊರತೆ ಮತ್ತು ಉಸಿರಾಟದ ತೊಂದರೆ ಜೊತೆಗೂಡಿ ಬರುವುದುಂಟು. ಕಂದು ಕೊಬ್ಬು ಬಹುಮಟ್ಟಿಗೆ ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಶೇಖರವಾಗುವುದರಿಂದ ಅವಧಿಗೆ ಮುನ್ನ ಹುಟ್ಟಿದ ಹಾಗೂ 2.5 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ ಈ ರಕ್ಷಣೆಯೂ ಕಡಿಮೆ.

ಶಾಖ ನಷ್ಟವಾಗುವ ಬಗೆಗಳು ನಾಲ್ಕು. ಒದ್ದೆ ಮೈಯಿಂದ ನೀರು ಆವಿಯಾಗುವಾಗ, ತಣ್ಣನೆಯ ತಕ್ಕಡಿ ಅಥವಾ ನೆಲವನ್ನು ಮುಟ್ಟಿದಾಗ (ವಹನ), ಗಾಳಿ ಬೀಸಿದಾಗ (ಸಂವಹನ), ಮತ್ತು ಹತ್ತಿರದ ತಣ್ಣನೆಯ ಗೋಡೆ ಕಿಟಕಿಗಳತ್ತ ವಿಕಿರಣದ ಮೂಲಕ. ಹುಟ್ಟಿದ ಕ್ಷಣದಲ್ಲಿ ಮೊದಲನೆಯದೇ ಪ್ರಮುಖ. ಹೀಗಾಗಿ ಹೆರಿಗೆ ಕೋಣೆಯನ್ನು ಕನಿಷ್ಠ 25 ಡಿಗ್ರಿಯಲ್ಲಿಟ್ಟು, ಮಗುವನ್ನು ತಕ್ಷಣ ಒರೆಸಿ, ಒದ್ದೆ ಬಟ್ಟೆಯನ್ನು ತೆಗೆದು, ತಾಯಿಯ ಎದೆಯ ಮೇಲೆ ಮಲಗಿಸಬೇಕೆಂಬ ನಿಯಮವಿದೆ. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಬೇಕು. ಮೈಮೇಲಿನ ಬಿಳಿ ಲೇಪವನ್ನು ಕೊಳೆಯೆಂದು ತಿಳಿದು ಕೂಡಲೇ ತೊಳೆಯುವ ಆತುರ ಹಲವೆಡೆ ಇನ್ನೂ ಇದೆ. ಅದು ಚರ್ಮವನ್ನು ಕಾಪಾಡುವ ವಸ್ತುವೇ ಹೊರತು ಕೊಳೆಯಲ್ಲ.

ಕಾಂಗರೂ ಆರೈಕೆ

ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದಾಗ, 1978ರಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಕಡಿಮೆ ತೂಕದ ಶಿಶುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಡುವ ವಿಧಾನವನ್ನು ಆರಂಭಿಸಿದರು. ಕುಲಾವಿ, ಕಾಲುಚೀಲ ಮತ್ತು ಲಂಗೋಟಿಯನ್ನು ಮಾತ್ರ ತೊಡಿಸಿ, ಮಗುವನ್ನು ಸ್ತನಗಳ ನಡುವೆ ನೇರವಾಗಿ ಇರಿಸಿ, ಮುಖ ಒಂದು ಬದಿಗೆ ತಿರುಗಿರುವಂತೆ ನೋಡಿಕೊಂಡು, ಮೇಲೆ ಬಟ್ಟೆ ಸುತ್ತಲಾಗುತ್ತದೆ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು, ಸಾಧ್ಯವಾದಷ್ಟು ದೀರ್ಘಕಾಲ ಹೀಗಿರಿಸುವುದು ಉತ್ತಮ. ತಾಯಿಗೆ ದಣಿವಾದಾಗ ತಂದೆಯೋ ಅಜ್ಜಿಯೋ ಈ ಕೆಲಸವನ್ನು ಮಾಡಬಹುದು.

ಭಾರತ, ಘಾನಾ, ಮಲಾವಿ, ನೈಜೀರಿಯಾ ಮತ್ತು ತಾಂಜಾನಿಯಾಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು, 1ರಿಂದ 1.8 ಕಿಲೋಗ್ರಾಂ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದರೆ, ಸ್ಥಿತಿ ಸ್ಥಿರವಾಗುವವರೆಗೆ ಕಾದು ಆರಂಭಿಸುವುದಕ್ಕಿಂತ ಮೊದಲ 28 ದಿನಗಳ ಮರಣ ಶೇಕಡ 25ರಷ್ಟು ಕಡಿಮೆಯಾಗುವುದನ್ನು ತೋರಿಸಿತು. ಯಾವ ಯಂತ್ರವೂ ಬೇಕಿಲ್ಲದ ಕ್ರಮವೊಂದಕ್ಕೆ ಇದು ದೊಡ್ಡ ಫಲಿತಾಂಶವೇ ಸರಿ.

ಮನೆಯಲ್ಲಿನ ಆರೈಕೆ ಮತ್ತು ರೂಢಿಗಳು

ವಯಸ್ಕರು ಧರಿಸಿದ್ದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಮಗುವಿಗೆ ಸಾಮಾನ್ಯವಾಗಿ ಸಾಕು. ಉಣ್ಣೆಯ ಕೆಳಗೆ ಹತ್ತಿಯ ಬಟ್ಟೆಯಿದ್ದರೆ ಚರ್ಮ ಕೆರಳುವುದಿಲ್ಲ. ಅತಿಯಾಗಿ ಹೊದಿಸುವುದೂ ಅಪಾಯಕಾರಿ: ದೇಹ ಮಿತಿಮೀರಿ ಬಿಸಿಯಾಗುವುದು ಹಾಗೂ ಮಡಿಲಾದ ಹೊದಿಕೆ ಮುಖದ ಮೇಲೆ ಬೀಳುವುದು ನಿದ್ರೆಯಲ್ಲಿನ ಹಠಾತ್ ಸಾವಿಗೆ ಸಂಬಂಧಿಸಿವೆ. ದಪ್ಪ ಕೌದಿ, ರಜಾಯಿಗಳನ್ನು ಮಗುವಿನ ಮುಖದಿಂದ ದೂರವಿಡಬೇಕು, ಮಲಗಿಸುವುದು ಅಂಗಾತವಾಗಿಯೇ.

ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು, ಸ್ನಾನದ ನಂತರ ಸಾಂಬ್ರಾಣಿ ಹೊಗೆ ಕೊಡುವುದು ಕರ್ನಾಟಕದ ಹಲವು ಮನೆಗಳ ಪದ್ಧತಿ. ಬೆಚ್ಚಗಿಡುವ ಉದ್ದೇಶ ಸರಿಯಾದುದೇ. ಆದರೆ ಮುಚ್ಚಿದ ಕೋಣೆಯಲ್ಲಿ ಉರಿಯುವ ಕೆಂಡದಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಾಯಿ ಮಗು ಇಬ್ಬರ ಪ್ರಾಣಕ್ಕೂ ಅದು ಎರವಾಗಬಹುದು. ಹೊಗೆ ಶಿಶುವಿನ ಶ್ವಾಸಕೋಶವನ್ನು ಕೆರಳಿಸುತ್ತದೆ. ಬಿಸಿನೀರಿನ ಚೀಲವನ್ನು ಮಗುವಿನ ಪಕ್ಕದಲ್ಲಿಟ್ಟರೆ ಸುಟ್ಟ ಗಾಯಗಳಾಗಬಹುದು.

ಚಳಿಗಾಲದಲ್ಲಿ ದಿನವೂ ಸ್ನಾನ ಅಗತ್ಯವಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆಯನ್ನು ಹಗುರವಾಗಿ ಸವರುವುದರಿಂದ ಒಣಚರ್ಮ ಮೃದುವಾಗುತ್ತದೆ; ಮೂಗು ಕಿವಿಗಳಿಗೆ ಎಣ್ಣೆ ಬಿಡಬಾರದು. ಶೀತವಾಗದಿರಲೆಂದು ಜೇನುತುಪ್ಪ ನೆಕ್ಕಿಸುವುದರಿಂದ ಬೊಟುಲಿಸಂ ಎಂಬ ಮಾರಕ ಕಾಯಿಲೆ ಬರಬಹುದಾದ್ದರಿಂದ ಒಂದು ವರ್ಷದವರೆಗೆ ಅದನ್ನು ನೀಡಬಾರದು. ಬೆಚ್ಚಗಿರಲು ಬೇಕಾದ ಶಕ್ತಿ ಎದೆಹಾಲಿನಿಂದಲೇ ಬರುತ್ತದೆ. ರಾತ್ರಿಯೂ ಸೇರಿ ದಿನಕ್ಕೆ 8ರಿಂದ 12 ಬಾರಿ ಹಾಲೂಡಿಸಬೇಕು.

ಅಪಾಯದ ಚಿಹ್ನೆಗಳು

ಥರ್ಮಾಮೀಟರ್ ಇಲ್ಲದಿದ್ದಾಗ ಅಂಗೈಯ ಹಿಂಬದಿಯಿಂದ ಮಗುವಿನ ಹೊಟ್ಟೆ ಮತ್ತು ಪಾದಗಳನ್ನು ಮುಟ್ಟಿ ನೋಡಲಾಗುತ್ತದೆ. ಎರಡೂ ಬೆಚ್ಚಗಿದ್ದರೆ ಸಹಜ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಶೀತದ ಒತ್ತಡ. ಕೂಡಲೇ ಎದೆಗವಚಿ ಹಾಲೂಡಿಸಬೇಕು. ಹೊಟ್ಟೆಯೂ ತಣ್ಣಗಿದ್ದರೆ ಹೈಪೋಥರ್ಮಿಯಾ. ಮಗುವನ್ನು ಎದೆಗವಚಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು.

ಚಳಿಗೆ ಸಿಕ್ಕ ಶಿಶು ಹೆಚ್ಚಾಗಿ ಅಳುವುದಿಲ್ಲ. ಸುಮ್ಮನೆ ಮಲಗಿರುತ್ತದೆ, ಹಾಲು ಚೀಪುವುದು ಕ್ಷೀಣಿಸುತ್ತದೆ. ಮನೆಯವರು ಇದನ್ನು ಒಳ್ಳೆಯ ನಿದ್ರೆಯೆಂದು ಭಾವಿಸಿ ತಡಮಾಡುವ ಸಾಧ್ಯತೆಯಿದೆ. ಹಾಲು ಕುಡಿಯದಿರುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುವುದು, ಎದೆಯ ಕೆಳಭಾಗ ಒಳಸೆಳೆಯುವುದು, ಸೆಳೆತ, ಅಂಗೈ ಅಂಗಾಲುಗಳು ಹಳದಿಯಾಗುವುದು, ಉಷ್ಣತೆ 35.5ಕ್ಕಿಂತ ಕಡಿಮೆ ಅಥವಾ 37.5ಕ್ಕಿಂತ ಹೆಚ್ಚಾಗುವುದು ಕಂಡುಬಂದರೆ ತಕ್ಷಣ ವೈದ್ಯರ ಬಳಿಗೆ ಕರೆದೊಯ್ಯಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಬಂದು ನೋಡುವ ವ್ಯವಸ್ಥೆ ಭಾರತದಲ್ಲಿದ್ದು, ಉಷ್ಣತೆ ಮತ್ತು ತೂಕವನ್ನು ಈ ಭೇಟಿಗಳಲ್ಲಿ ಪರೀಕ್ಷಿಸಲಾಗುತ್ತದೆ.