ಕೊಂದಷ್ಟೂ ಮುಗಿಯದ ಬೀದಿನಾಯಿ

ಮದರಾಸು ಕಾರ್ಪೊರೇಷನ್ ಬೀದಿನಾಯಿಗಳನ್ನು ಹಿಡಿದು ಕೊಲ್ಲುವ ಕೆಲಸ ಆರಂಭಿಸಿದ್ದು 1860ರಲ್ಲಿ. ಆಗ ಕೊಲ್ಲುತ್ತಿದ್ದುದು ದಿನಕ್ಕೆ ಸರಾಸರಿ ಒಂದು ನಾಯಿಯೂ ಅಲ್ಲ. 1995ರ ಹೊತ್ತಿಗೆ ಈ ಸಂಖ್ಯೆ ದಿನಕ್ಕೆ 135ರವರೆಗೆ ಏರಿತ್ತು. ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಕೊಂದರೂ ನಾಯಿಗಳು ಕಡಿಮೆಯಾಗಲಿಲ್ಲ. ಹುಚ್ಚುನಾಯಿ ಕಡಿತದ ಸಾವುಗಳೂ ನಿಲ್ಲಲಿಲ್ಲ.

ಈ ವಿಚಿತ್ರ ಲೆಕ್ಕವನ್ನು ಮುಂದಿಟ್ಟವರು ಅದೇ ನಗರದ ಬ್ಲೂ ಕ್ರಾಸ್ ಸಂಸ್ಥೆಯವರು. 1959ರಲ್ಲಿ ವಿಮಾನ ಚಾಲಕ ಕ್ಯಾಪ್ಟನ್ ವಿ. ಸುಂದರಂ ಕಟ್ಟಿದ ಸಂಸ್ಥೆ ಇದು. ಅವರ ಮಗ ಚಿನ್ನಿ ಕೃಷ್ಣ ವೃತ್ತಿಯಿಂದ ಎಂಜಿನಿಯರ್. 1964ರಲ್ಲಿ ಬ್ಲೂ ಕ್ರಾಸ್ ಕಾರ್ಪೊರೇಷನ್ನಿನ ಮುಂದೆ ಒಂದು ಸಲಹೆ ಇಟ್ಟಿತು: ನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಟ್ಟುಬಿಡಿ. ಇದಕ್ಕೆ ಇಟ್ಟ ಹೆಸರು ‘ಎ.ಬಿ.ಸಿ.’. ಪ್ರಾಣಿಗಳ ಜನನ ನಿಯಂತ್ರಣ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಅಕ್ಷರ ಕಲಿತಷ್ಟೇ ಸುಲಭದ ಕೆಲಸ ಎಂದು ಸೂಚಿಸುವುದೂ ಉದ್ದೇಶವಾಗಿತ್ತಂತೆ. ಕಾರ್ಪೊರೇಷನ್ ಒಪ್ಪಿಕೊಳ್ಳಲು 32 ವರ್ಷ ಬೇಕಾಯಿತು. 1996ರಲ್ಲಿ ಮದರಾಸಿನಲ್ಲಿ ಯೋಜನೆ ಜಾರಿಗೆ ಬಂತು.

ನಾಯಿ ಕೊಲ್ಲುವುದು ನಮ್ಮ ದೇಶದಲ್ಲಿ ಗಲಾಟೆಯಿಲ್ಲದೆ ನಡೆದದ್ದು ಕಡಿಮೆ. 1832ರ ಜೂನ್ 6ರಂದು ಮುಂಬಯಿಯ ಪಾರ್ಸಿಗಳು ಬೀದಿಗಿಳಿದದ್ದು ಇದೇ ಕಾರಣಕ್ಕೆ. ಸತ್ತ ನಾಯಿ ತಲೆಗಿಷ್ಟು ಎಂದು ಬ್ರಿಟಿಷರು ಕಾಸು ಗೊತ್ತುಮಾಡಿದ್ದರು. ಕಾನ್‌ಸ್ಟೆಬಲ್‌ಗಳು ಕಾಸಿನಾಸೆಗೆ ಮನೆಯ ಸಾಕುನಾಯಿಗಳನ್ನೂ ಬಿಡಲಿಲ್ಲ. ಪಾರ್ಸಿಗಳಲ್ಲಿ ಶವದ ಮೇಲೆ ನಾಯಿಯ ದೃಷ್ಟಿ ಬೀಳಬೇಕೆಂಬ ‘ಸಗ್ದೀದ್’ ವಿಧಿಯೇ ಇದೆ. ಅಂಥವರ ಎದುರೇ ನಾಯಿಗಳನ್ನು ಬಡಿದರೆ ಏನಾದೀತು? ಅಂಗಡಿಗಳು ಮುಚ್ಚಿದವು, ಕೋಟೆಯ ಸೈನಿಕರಿಗೆ ದಿನಸಿ ಸಿಗದಾಯಿತು.

ಕನ್ನಡನಾಡಿನ ನಾಯಿಯ ನೆನಪು ಇನ್ನೂ ಹಳೆಯದು. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಮಣಲೆರ ಎಂಬ ವೀರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಊರು, ಹೊನ್ನು ಬೇಡಲಿಲ್ಲ. ‘ಕಾಳಿ’ ಎಂಬ ನಾಯಿಯನ್ನು ಬೇಡಿದ. ಕಾಡುಹಂದಿಯೊಡನೆ ಹೋರಾಡಿ ಸತ್ತ ಆ ಕಾಳಿಗಾಗಿಯೇ ಕಲ್ಲು ನಿಂತಿತು. ಮದ್ದೂರು ತಾಲ್ಲೂಕಿನ ಆ ಕಲ್ಲನ್ನು ಇಂದೂ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ನೋಡಬಹುದು. ಅದೇ ನಾಡಿನಲ್ಲಿ ‘ನಾಯಿಪಾಡು’ ಎಂಬ ಮಾತೂ ಹುಟ್ಟಿದೆಯೆನ್ನುವುದು ಬೇರೆ ವಿಷಯ.

ಕೊಂದರೂ ನಾಯಿ ಏಕೆ ಕಡಿಮೆಯಾಗುವುದಿಲ್ಲ? ಒಂದು ಬೀದಿಯಲ್ಲಿ ಎಷ್ಟು ನಾಯಿಗಳಿರಬೇಕೆಂದು ನಿರ್ಧರಿಸುವುದು ಅಲ್ಲಿನ ತಿಪ್ಪೆ, ಹೋಟೆಲಿನ ಎಂಜಲು, ಮಾಂಸದಂಗಡಿಯ ಕಸ. ಇರುವ ನಾಯಿಗಳು ತಮ್ಮ ಗಡಿಯೊಳಗೆ ಹೊಸಬರನ್ನು ಬಿಟ್ಟುಕೊಳ್ಳುವುದಿಲ್ಲ. ಅವನ್ನು ಒಯ್ದರೆ ಅನ್ನ ಹಾಗೇ ಇರುತ್ತದೆ, ಕಾವಲು ಹೋಗುತ್ತದೆ. ಪಕ್ಕದ ಬೀದಿಯಿಂದ ಹೊಸ ನಾಯಿಗಳು ನುಗ್ಗುತ್ತವೆ, ಕಚ್ಚಾಡುತ್ತವೆ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆರಡು ಬಾರಿ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಖಾಲಿಯಾದ ಜಾಗ ತುಂಬಲು ಹೆಚ್ಚು ಕಾಲ ಬೇಡ. ರಾತ್ರೋರಾತ್ರಿ ವ್ಯಾನಿನಲ್ಲಿ ತುಂಬಿ ಪಕ್ಕದ ಊರಿನ ಗಡಿಯಲ್ಲಿ ಬಿಟ್ಟು ಬರುವ ಪುರಸಭೆಗಳ ಜಾಣತನವೂ ಇಷ್ಟೇ. ಆ ಊರಿನವರೂ ವ್ಯಾನು ಇಟ್ಟಿರುತ್ತಾರೆ!

ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಅದೇ ಜಾಗಕ್ಕೆ ಬಿಡುವುದರ ಗುಟ್ಟು ಇಲ್ಲಿದೆ. ಅದು ಮರಿ ಹಾಕುವುದಿಲ್ಲ, ಆದರೆ ಜಾಗ ಕಾಯುತ್ತದೆ. ಮೈಯಲ್ಲಿ ಲಸಿಕೆಯ ಬಲವಿರುವುದರಿಂದ ರೋಗಕ್ಕೂ ಅಡ್ಡಗೋಡೆಯಾಗುತ್ತದೆ. ಹೆಣ್ಣಿಗೆ ಗರ್ಭಕೋಶ, ಅಂಡಾಶಯ ತೆಗೆಯುತ್ತಾರೆ, ಗಂಡಿಗೆ ವೃಷಣ. ಅರಿವಳಿಕೆಯಲ್ಲಿರುವಾಗಲೇ ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಮಾಡುತ್ತಾರೆ. ಗಾಯ ಮಾಯುವವರೆಗೆ ಕೆಲವು ದಿನ ಇಟ್ಟುಕೊಂಡು ವಾಪಸು ಬಿಡುತ್ತಾರೆ.

ಫಲ ಸಿಕ್ಕಿದೆಯೇ ಎಂಬ ಪ್ರಶ್ನೆಗೆ ಜೈಪುರ ಒಳ್ಳೆಯ ಉತ್ತರ. ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆ 1994ರ ನವೆಂಬರಿನಿಂದ 2002ರ ಕೊನೆಯವರೆಗೆ ಅಲ್ಲಿ 24,986 ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಿತು. ಹೆಣ್ಣುನಾಯಿಗಳಲ್ಲಿ ಶೇ 65ರಷ್ಟು ಈ ವ್ಯಾಪ್ತಿಗೆ ಬಂದವು. ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿಯಿತು. ಯೋಜನೆಯ ಪ್ರದೇಶದಲ್ಲಿ ಮನುಷ್ಯರ ರೇಬೀಸ್ ಸಾವು ಶೂನ್ಯಕ್ಕೆ ಬಂತು. ಕಡಿತಗಳೂ ಕಡಿಮೆಯಾದವು. ಮರಿಗಳ ಬಳಿ ಯಾರಾದರೂ ಸುಳಿದರೆ ಮೇಲೆರಗುವುದು ತಾಯಿನಾಯಿ; ಮರಿಗಳೇ ಇಲ್ಲದಿದ್ದರೆ ಆ ಕೋಪವೂ ಇಲ್ಲ.

ಎಂಟು ವರ್ಷ ಎಂಬುದನ್ನು ಗಮನಿಸಬೇಕು. ವಿರೋಧಿಗಳ ಆಕ್ಷೇಪ ಇರುವುದೂ ಇಲ್ಲೇ. ಶಾಲೆಗೆ ಹೋಗುವ ಮಗುವಿಗೆ ಇವತ್ತು ನಾಯಿ ಕಚ್ಚಿದೆ, ನೀವು ಎಂಟು ವರ್ಷದ ಮಾತಾಡುತ್ತೀರಿ ಎಂದು ತಂದೆಯೊಬ್ಬ ಕೇಳಿದರೆ ತಪ್ಪೇನು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 18,000ದಿಂದ 20,000 ಮಂದಿ ರೇಬೀಸ್‌ನಿಂದ ಸಾಯುತ್ತಾರೆ. ಅವರಲ್ಲಿ ಮಕ್ಕಳ ಪಾಲೂ ದೊಡ್ಡದು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಕಾಲ ಮುಗಿದಿದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ 2005ರ ಹೊತ್ತಿಗೆ ನಿಂತಿತು. ಆದರೆ ಸಾವು ನಿಂತಿಲ್ಲ. ನಾಯಿಪ್ರೇಮಿಗಳು ಈ ಭಯವನ್ನು ಹಗುರವಾಗಿ ಕಂಡದ್ದರಿಂದಲೇ ಯೋಜನೆಗೆ ಕೆಟ್ಟ ಹೆಸರು ಬಂದಿದೆ ಎಂದರೆ ಅತಿಯಲ್ಲ.

ಕಾನೂನು ಈ ಹಗ್ಗಜಗ್ಗಾಟದ ನಡುವೆಯೇ ಬೆಳೆದಿದೆ. ಕೇಂದ್ರ ಸರ್ಕಾರ 2001ರಲ್ಲಿ ನಿಯಮ ಮಾಡಿತು, 2023ರಲ್ಲಿ ಹೊಸದಾಗಿ ಬರೆಯಿತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಲು ಹೇಳಿತು. ಅದೇ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ರೇಬೀಸ್ ಇರುವ ಅಥವಾ ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಅದೇ ಜಾಗದಲ್ಲಿ ಬಿಡಬೇಕೆಂದಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿ ಬಿಡಕೂಡದೆಂದಿತು.

ನಮ್ಮ ಬೆಂಗಳೂರಿನಲ್ಲಿ ಆಗಿನ ಮಹಾನಗರ ಪಾಲಿಕೆ 2019ರಲ್ಲಿ ಎಣಿಸಿದಾಗ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು, 2023ರಲ್ಲಿ 2.79 ಲಕ್ಷ. ಇಳಿಕೆ ದೊಡ್ಡದಲ್ಲ, ಆದರೆ ಊರು ಬೆಳೆದ ವೇಗ ನೋಡಿದರೆ ಸಣ್ಣದೂ ಅಲ್ಲ. ಸಣ್ಣ ಊರುಗಳಲ್ಲಿ ಕೆಲಸ ಕೆಡುವುದು ಅರೆಬರೆಯಾಗಿ ಮಾಡಿದಾಗ. ಈ ವರ್ಷ ಇನ್ನೂರು ನಾಯಿ, ಆಮೇಲೆ ಎರಡು ವರ್ಷ ಟೆಂಡರ್ ಇಲ್ಲ ಎಂದಾದರೆ ಹಣ ಖರ್ಚಾಗುತ್ತದೆಯೇ ಹೊರತು ನಾಯಿ ಕಡಿಮೆಯಾಗುವುದಿಲ್ಲ. ಉಳಿದ ನಾಯಿಗಳು ಹಾಕುವ ಮರಿಗಳೇ ಲೆಕ್ಕ ಸರಿದೂಗಿಸುತ್ತವೆ.

ಶಸ್ತ್ರಚಿಕಿತ್ಸೆ ಒಮ್ಮೆ ಸಾಕು, ಲಸಿಕೆ ಹಾಗಲ್ಲ. ರೋಗ ಹರಡುವುದು ನಿಲ್ಲಲು ಊರಿನ ನೂರರಲ್ಲಿ ಎಪ್ಪತ್ತು ನಾಯಿಗಳಿಗಾದರೂ ಲಸಿಕೆಯ ರಕ್ಷಣೆ ಇರಬೇಕೆಂದು ತಜ್ಞರು ಹೇಳುತ್ತಾರೆ. ಅದನ್ನು ಮತ್ತೆ ಮತ್ತೆ ಹಾಕಿಸುತ್ತಿರಬೇಕು. ಕಿವಿಯ ಕಚ್ಚು ನಾಯಿಗೆ ಚಿಕಿತ್ಸೆ ಆಗಿದೆ ಎಂದು ಹೇಳುತ್ತದೆ, ಈ ವರ್ಷದ ಲಸಿಕೆ ಬಿದ್ದಿದೆ ಎಂದಲ್ಲ. ಆದ್ದರಿಂದ ಕಚ್ಚಿದ್ದು ಕಿವಿ ಕತ್ತರಿಸಿದ ನಾಯಿಯೇ ಆದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅರಿಶಿನ, ಸುಣ್ಣ ಮೆತ್ತದೆ, ಅಂದೇ ಆಸ್ಪತ್ರೆಗೆ ಹೋಗಬೇಕು.